ಅಜವಾನದ ಎಣ್ಣೆ, ಸುಣ್ಣಕಲ್ಲಿನ ನೀರು: ಕೋಳಿಯ ಆಹಾರದಿಂದ ಆಂಟಿಬಯೋಟಿಕ್ ಹೊರಗಿಡುವ ದಾರಿ



ಇವತ್ತಿನ ಉಪನ್ಯಾಸದ ವಿಷಯ ಕೋಳಿಯ ಆಹಾರ. ತೊಗರಿ, ಸಿಮೆಂಟು, ಕಲ್ಲುಗಣಿಗಳ ಈ ಕಲಬುರಗಿ ಸೀಮೆಯಲ್ಲಿ ಇಂಥದೊಂದು ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. 2019ರ ಜಾನುವಾರು ಗಣತಿಯಲ್ಲಿ ನಮ್ಮ ದೇಶದ ಸಾಕುಹಕ್ಕಿಗಳ ಸಂಖ್ಯೆ 85 ಕೋಟಿ ದಾಟಿತ್ತು. ಹಿಂದಿನ ಗಣತಿಗಿಂತ ಅದು ಶೇಕಡಾ 16.8ರಷ್ಟು ಹೆಚ್ಚು. ಹಬ್ಬಕ್ಕೋ ಬೀಗರ ಊಟಕ್ಕೋ ಮೀಸಲಾಗಿದ್ದ ಕೋಳಿ ಇಂದು ದುಡಿಯುವ ಕುಟುಂಬಗಳ ವಾರದ ಅಡುಗೆಯಾಗಿದೆ. ಕಡಿಮೆ ದುಡ್ಡಿಗೆ ಒಳ್ಳೆಯ ಪೌಷ್ಟಿಕಾಂಶ ಸಿಗುತ್ತಿರುವುದು ಸಂತೋಷದ ಮಾತು. ಆದರೆ ಆ ಕೋಳಿ ಏನನ್ನು ತಿಂದು ಬೆಳೆಯಿತು ಎಂಬುದು ಶೆಡ್ಡಿನ ಗೋಡೆಯೊಳಗೇ ಮುಗಿಯುವ ಪ್ರಶ್ನೆಯಲ್ಲ, ಅದು ಆಸ್ಪತ್ರೆಯ ವಾರ್ಡಿನವರೆಗೂ ಬರುತ್ತದೆ. ಬೇಗ ಬೆಳೆಯಲೆಂದು ಕೋಳಿಯ ಆಹಾರದಲ್ಲಿ ದಿನವೂ ಬೆರೆಸುವ ಆಂಟಿಬಯೋಟಿಕ್ ನಿಲ್ಲಬೇಕು. ಅದರ ಜಾಗಕ್ಕೆ ಅಜವಾನ, ಲವಂಗ, ದಾಲ್ಚಿನ್ನಿಗಳಂಥ ಗಿಡಗಳ ಸುಗಂಧ ತೈಲವನ್ನು ತರಬಹುದೆಂಬ ಮಾತು ಎರಡು ದಶಕಗಳಿಂದ ಕೇಳಿಬರುತ್ತಿದೆ. ಆ ಮಾತನ್ನು ನಾನು ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ತೈಲವನ್ನು ಇನ್ನೊಂದು ಔಷಧಿ ಎಂದು ಎಣಿಸಬಾರದು. ನೀರು, ಗಾಳಿ, ನೆಲ, ಲಸಿಕೆ ಇವಿಷ್ಟೂ ಸರಿಯಿರುವ ಶೆಡ್ಡಿನಲ್ಲಿ ಮಾತ್ರ ಅದು ನೆರವಾಗುತ್ತದೆ. ಇವತ್ತು ನಾನು ವಾದಿಸಲು ಹೊರಟಿರುವುದು ಇದೊಂದನ್ನೇ.

ಮೊದಲು ಈ ರೂಢಿ ಹೇಗೆ ಹುಟ್ಟಿತೆಂದು ನೋಡೋಣ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಆರಿಯೋಮೈಸಿನ್ ಎಂಬ ಆಂಟಿಬಯೋಟಿಕ್ ತಯಾರಾಗುತ್ತಿತ್ತು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಅದು. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದರು ಎಂಬುದು ಭಾರತೀಯರಾದ ನಾವು ನೆನೆಯಬೇಕಾದ ಸಂಗತಿ. ಔಷಧಿಯನ್ನು ತೆಗೆದ ಮೇಲೆ ಉಳಿದ ಹುದುಗಿನ ಗಸಿಯನ್ನು ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಡ್ ಕೋಳಿಮರಿಗಳ ಆಹಾರಕ್ಕೆ ಸೇರಿಸಿ ನೋಡಿದರು. ಜೀವಸತ್ವ ಬಿ12 ಸಿಗಬಹುದೆಂಬುದು ಅವರ ಎಣಿಕೆ. ಆದರೆ ಬಿ12 ಒಂದರಿಂದಲೇ ಆಗಲಾರದಷ್ಟು ಬೆಳವಣಿಗೆ ಮರಿಗಳಲ್ಲಿ ಕಂಡಿತು. ಗಸಿಯಲ್ಲಿ ಅಳಿದುಳಿದ ಆಂಟಿಬಯೋಟಿಕ್ ಅದಕ್ಕೆ ಕಾರಣವಾಗಿತ್ತು. ಟನ್ನಿಗೆ ಕೆಲವೇ ಗ್ರಾಂ ಬೆರೆಸಿದರೆ ಸಾಕು, ಕೋಳಿ ಬೇಗ ತೂಗುತ್ತದೆ ಎಂಬ ಸುದ್ದಿ ಜಗತ್ತಿನ ಫೀಡ್ ಗಿರಣಿಗಳಿಗೆಲ್ಲ ಹಬ್ಬಿತು. ಜೀವ ಉಳಿಸಲು ಹುಟ್ಟಿದ ಔಷಧಿ ಜೋಳ, ಸೋಯಾ ಹಿಂಡಿಯ ಜೊತೆ ಚೀಲ ಸೇರಿದ್ದು ಹೀಗೆ.

ಇದರಲ್ಲಿ ಕೇಡೇನು ಎಂಬುದಕ್ಕೆ ಸ್ಪಷ್ಟ ಸಾಕ್ಷ್ಯ 1976ರಲ್ಲಿ ಬಂತು. ಬಾಸ್ಟನ್ ಹತ್ತಿರದ ಒಂದು ಕೋಳಿ ಫಾರ್ಮಿನಲ್ಲಿ ವೈದ್ಯ ವಿಜ್ಞಾನಿ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಕೆಲವು ಕೋಳಿಗಳಿಗೆ ಟೆಟ್ರಾಸೈಕ್ಲಿನ್ ಬೆರೆಸಿದ ಆಹಾರ ಕೊಟ್ಟರು. ಒಂದೇ ವಾರದಲ್ಲಿ ಆ ಕೋಳಿಗಳ ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಎಲ್ಲವೂ ಆ ಔಷಧಿಗೆ ಬಗ್ಗದಂತಾದವು. ಐದಾರು ತಿಂಗಳಲ್ಲಿ ಫಾರ್ಮಿನ ಮನೆಯವರ ಹೊಟ್ಟೆಯಲ್ಲೂ ಅಂಥ ಬ್ಯಾಕ್ಟೀರಿಯಾ ಹೆಚ್ಚಿದವು, ನೆರೆಹೊರೆಯವರಲ್ಲಿ ಹಾಗಾಗಲಿಲ್ಲ. ಮನೆಯವರು ಔಷಧಿಯನ್ನೇನೂ ನುಂಗಿರಲಿಲ್ಲ, ಕೋಳಿಗಳ ಜೊತೆ ಬದುಕಿದ್ದರು ಅಷ್ಟೆ. ನಮ್ಮ ದೇಶದ ಸ್ಥಿತಿಯೂ ಬೇರೆಯಲ್ಲ. ಪಂಜಾಬಿನ 18 ಫಾರ್ಮುಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಲವು ಮುಖ್ಯ ಔಷಧಿಗಳನ್ನು ಮುರಿದು ಹಾಕುವ ಇಎಸ್‌ಬಿಎಲ್ ಎಂಬ ಕಿಣ್ವ ಹೊಂದಿದ ಇ-ಕೋಲೈ ಬ್ಯಾಕ್ಟೀರಿಯಾ ಬ್ರಾಯ್ಲರ್ ಫಾರ್ಮಿನ ಮಾದರಿಗಳಲ್ಲಿ ಶೇಕಡಾ 87ರಷ್ಟಿತ್ತು, ಮೊಟ್ಟೆ ಕೋಳಿಯ ಫಾರ್ಮುಗಳಲ್ಲಿ ಶೇಕಡಾ 42ರಷ್ಟಿತ್ತು. ಕೊಲಿಸ್ಟಿನ್ ಎಂಬ ಔಷಧಿ ಬೇರೆ ಯಾವುದೂ ನಾಟದಾಗ ವೈದ್ಯರು ಕೈಹಾಕುವ ಕೊನೆಯ ಅಸ್ತ್ರ. ಅದನ್ನೂ ಸೋಲಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ 2015ರಲ್ಲಿ ಚೀನಾದಲ್ಲಿ ಪತ್ತೆಯಾಯಿತು. ಕೊಲಿಸ್ಟಿನ್ನನ್ನು ಮಾಂಸದ ಪ್ರಾಣಿಗಳಿಗೆ ಮತ್ತು ಕೋಳಿ ಆಹಾರಕ್ಕೆ ಬಳಸುವುದನ್ನು ಭಾರತ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಆ ವರ್ಷ ಜಗತ್ತಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಸತ್ತವರು ಸುಮಾರು 12 ಲಕ್ಷ 70 ಸಾವಿರ ಎಂದು ಲ್ಯಾನ್ಸೆಟ್ ಪತ್ರಿಕೆಯ ಅಂದಾಜು ಹೇಳುತ್ತದೆ. ಇಷ್ಟಕ್ಕೂ ಕೋಳಿ ಆಹಾರವೇ ಹೊಣೆ ಎಂದರೆ ತಪ್ಪಾಗುತ್ತದೆ. ಚೀಟಿಯಿಲ್ಲದೆ ಮಾತ್ರೆ ಮಾರುವ ಅಂಗಡಿಯೂ, ಜ್ವರ ಬಂದರೆ ಸೂಜಿ ಬೇಡುವ ನಮ್ಮ ಅಭ್ಯಾಸವೂ ಇದರಲ್ಲಿ ಪಾಲುದಾರರು. ಆದರೆ ಕಾಯಿಲೆಯೇ ಇಲ್ಲದ ಕೋಳಿಗೆ ದಿನವೂ ಔಷಧಿ ಉಣಿಸುವುದು ಇವೆಲ್ಲಕ್ಕಿಂತ ಸುಲಭವಾಗಿ ನಿಲ್ಲಿಸಬಹುದಾದ ತಪ್ಪು.

ಇನ್ನು ತೈಲದ ವಿಚಾರ. ಒಂದು ಚಿಟಿಕೆ ಅಜವಾನವನ್ನು ಅಂಗೈಯಲ್ಲಿ ತಿಕ್ಕಿದಾಗ ಮೂಗಿಗೆ ಅಡರುವ ಘಾಟು ಥೈಮಾಲ್ ಎಂಬ ವಸ್ತುವಿನದು. ಕಾಳಿನ ತೂಕದಲ್ಲಿ ಶೇಕಡಾ 2ರಿಂದ 4ರಷ್ಟು ಆವಿಯಾಗುವ ಎಣ್ಣೆ ಇರುತ್ತದೆ. ಆ ಎಣ್ಣೆಯಲ್ಲಿ ಥೈಮಾಲೇ ಮುಖ್ಯ. ಲವಂಗದಲ್ಲಿ ಯೂಜಿನಾಲ್, ದಾಲ್ಚಿನ್ನಿಯಲ್ಲಿ ಸಿನ್ನಮಾಲ್ಡಿಹೈಡ್, ಯುರೋಪಿನ ಓರೆಗಾನೊ ಸೊಪ್ಪಿನಲ್ಲಿ ಕಾರ್ವಕ್ರಾಲ್ ಇದೇ ಬಗೆಯ ಕೆಲಸ ಮಾಡುತ್ತವೆ. ಇವು ನೀರಿಗಿಂತ ಕೊಬ್ಬನ್ನು ಇಷ್ಟಪಡುವ ವಸ್ತುಗಳು. ಬ್ಯಾಕ್ಟೀರಿಯಾದ ಹೊರಪೊರೆಯೂ ಕೊಬ್ಬಿನದೇ ಆದ್ದರಿಂದ ಇವು ಅದರೊಳಕ್ಕೆ ಇಳಿದು ಪೊರೆಯನ್ನು ಸಡಿಲಗೊಳಿಸುತ್ತವೆ. ಒಳಗಿನ ಪೊಟ್ಯಾಸಿಯಂ ಮುಂತಾದ ಲವಣಗಳೂ ಜೀವಕೋಶದ ಶಕ್ತಿಯೂ ಸೋರಿಹೋಗುತ್ತವೆ. ಬ್ರಾಯ್ಲರ್ ಕೋಳಿಯ ಕರುಳನ್ನು ಕೊಳೆಸುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮೇಲೆ ಇವು ಚೆನ್ನಾಗಿ ನಾಟುತ್ತವೆ. ಇ-ಕೋಲೈ, ಸಾಲ್ಮೊನೆಲ್ಲಾಗಳಿಗೆ ಹೊರಗೆ ಇನ್ನೊಂದು ಕವಚ ಇರುವುದರಿಂದ ಅಲ್ಲಿ ಪರಿಣಾಮ ಕಡಿಮೆ. ಇನ್ನೊಂದು ತೊಡಕೂ ಇದೆ. ಆಹಾರದಲ್ಲಿ ಬರಿದೇ ಬೆರೆಸಿದ ಎಣ್ಣೆ ಫೀಡ್ ಗಿರಣಿಯ ಹಬೆಯಲ್ಲಿ ಒಂದಿಷ್ಟು ಹಾರಿಹೋಗುತ್ತದೆ, ಉಳಿದದ್ದು ಕರುಳಿನ ಮೇಲ್ಭಾಗದಲ್ಲೇ ರಕ್ತಕ್ಕೆ ಸೇರುತ್ತದೆ. ಅದು ಬೇಕಾಗಿರುವುದು ಕರುಳಿನ ಕೆಳಭಾಗದಲ್ಲಿ. ಅದಕ್ಕೆಂದೇ ಎಣ್ಣೆಯ ಸಣ್ಣ ಹನಿಗಳಿಗೆ ಗಟ್ಟಿ ಕೊಬ್ಬಿನ ಲೇಪ ಕೊಟ್ಟು ಪುಡಿಯಾಗಿ ಮಾರುತ್ತಾರೆ.

ಪ್ರಯೋಗಗಳು ಏನು ಹೇಳುತ್ತವೆ? ಎರಡು ಬಗೆಯ ಉತ್ತರ ಸಿಗುತ್ತದೆ, ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು. 2004ರಲ್ಲಿ ಆಸ್ಟ್ರಿಯಾದ ಮಿಚ್ ಮತ್ತು ಸಂಗಡಿಗರು ಫಾರ್ಮುಗಳಲ್ಲಿ ನಡೆಸಿದ ಅಧ್ಯಯನದಲ್ಲಿ ತೈಲದ ಮಿಶ್ರಣ ತಿಂದ ಕೋಳಿಗಳ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಕಡಿಮೆಯಾದದ್ದು ಕಂಡುಬಂತು. ಆದರೆ ಅದಕ್ಕೂ ಒಂದು ವರ್ಷ ಹಿಂದೆ ಲೀ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಥೈಮಾಲ್‌ನಿಂದ ಕೋಳಿಯ ತೂಕ ಹೆಚ್ಚಲಿಲ್ಲ, ಕಾರ್ವಕ್ರಾಲ್ ಕೊಟ್ಟಾಗ ಕೋಳಿಗಳು ಮೇವನ್ನೇ ಕಡಿಮೆ ತಿಂದವು. ಪ್ರಯೋಗದ ಆಹಾರ ಸುಲಭವಾಗಿ ಅರಗುವಂಥದ್ದು, ಪರಿಸರ ಸ್ವಚ್ಛವಾಗಿತ್ತು, ಹಾಗಾಗಿ ತೈಲಕ್ಕೆ ಮಾಡಲು ಕೆಲಸವೇ ಇರಲಿಲ್ಲವೆಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಇದನ್ನು ತೈಲದ ಸೋಲೆಂದು ಎತ್ತಿಹಿಡಿಯುವವರು ಹಳೆಯದೊಂದು ಪ್ರಯೋಗವನ್ನು ನೆನೆಯಬೇಕು. 1963ರಲ್ಲಿ ಇಂಗ್ಲೆಂಡಿನ ಮೇರಿ ಕೋಟ್ಸ್ ಮತ್ತು ಸಂಗಡಿಗರು ಸೂಕ್ಷ್ಮಾಣುಗಳೇ ಇಲ್ಲದ ಗೂಡಿನಲ್ಲಿ ಮರಿ ಬೆಳೆಸಿ ಪೆನಿಸಿಲಿನ್ ಕೊಟ್ಟಾಗ ಬೆಳವಣಿಗೆಯಲ್ಲಿ ಏನೂ ಹೆಚ್ಚಳವಾಗಲಿಲ್ಲ. ಸಾಮಾನ್ಯ ಪರಿಸರದ ಮರಿಗಳಲ್ಲಿ ಮಾತ್ರ ಅದು ಫಲ ಕೊಟ್ಟಿತು. ಅಂದರೆ ಆಂಟಿಬಯೋಟಿಕ್‌ಗೆ ಕೋಳಿಯನ್ನು ಬೆಳೆಸುವ ಗುಣ ತನ್ನಷ್ಟಕ್ಕೆ ಇರಲಿಲ್ಲ. ಕರುಳಿನ ಸೂಕ್ಷ್ಮಾಣುಗಳ ಕಾಟದಿಂದ ಕಳೆದುಹೋಗುತ್ತಿದ್ದ ಬೆಳವಣಿಗೆಯನ್ನು ಅದು ಮರಳಿ ಕೊಡುತ್ತಿತ್ತು. ಆ ನಷ್ಟವನ್ನು ಔಷಧಿಯಿಂದಲೂ ತಡೆಯಬಹುದು, ಶುಚಿಯಿಂದಲೂ ತಡೆಯಬಹುದು. ಎಪ್ಪತ್ತು ವರ್ಷ ನಾವು ಅಗ್ಗದ ದಾರಿ ಹಿಡಿದೆವು. ಅದರ ಬೆಲೆ ಫಾರ್ಮಿನ ಲೆಕ್ಕಪುಸ್ತಕಕ್ಕೆ ಬರಲಿಲ್ಲ, ರೋಗಿಗಳ ಪಾಲಿಗೆ ಬಂತು. ಆಂಟಿಬಯೋಟಿಕ್ ಕೊಳಕು ಶೆಡ್ಡಿನ ದೋಷವನ್ನು ಮುಚ್ಚಿಡುವಷ್ಟು ಬಲಶಾಲಿ. ತೈಲಕ್ಕೆ ಆ ಬಲವಿಲ್ಲ. ಆದ್ದರಿಂದ ತೈಲವನ್ನು ನಂಬುವವನು ಮೊದಲು ಶೆಡ್ಡನ್ನು ಸರಿಮಾಡಿಕೊಳ್ಳಲೇಬೇಕು.

ಶೆಡ್ ಸರಿಮಾಡುವುದೆಂದರೆ ನಮ್ಮ ಸೀಮೆಯಲ್ಲಿ ಏನು? ಕಾಗಿಣಾ ನದಿಯ ದಂಡೆಯಿಂದ ಸೇಡಂ, ವಾಡಿಗಳವರೆಗೆ ನಾವು ನಿಂತಿರುವುದು ಸುಣ್ಣಕಲ್ಲಿನ ಪದರದ ಮೇಲೆ. ಶಹಾಬಾದ ಕಲ್ಲಿಗೂ ಸಿಮೆಂಟು ಕಾರ್ಖಾನೆಗಳಿಗೂ ಮೂಲವಾದ ಆ ಪದರವೇ ಬೋರ್‌ವೆಲ್ ನೀರನ್ನು ಗಡುಸಾಗಿಸುತ್ತದೆ. ಕೋಳಿ ಶೆಡ್ಡಿನ ನಿಪ್ಪಲ್ ಪೈಪನ್ನು ಬಿಚ್ಚಿದರೆ ಒಳಗೆ ಬಿಳಿ ಸುಣ್ಣ ಕಟ್ಟಿರುತ್ತದೆ. ಅದರ ಮೇಲೆ ಬೆರಳಾಡಿಸಿದರೆ ಲೋಳೆ ಅಂಟುತ್ತದೆ. ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಳ್ಳುವುದು ಆ ಲೋಳೆಯಲ್ಲಿ. ಮರಿ ಹುಟ್ಟಿದ ಮರುದಿನದಿಂದ ಕುಡಿಯುವ ಪ್ರತಿ ಹನಿಯೂ ಅದನ್ನು ಸವರಿಕೊಂಡೇ ಬರುತ್ತದೆ. ಇನ್ನೊಂದು ಸಂಗತಿಯನ್ನು ಇಲ್ಲಿನ ಸಾಕಣೆದಾರರು ಗಮನಿಸಬೇಕು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ಕ್ಯಾಲ್ಸಿಯಂ ಸಿಕ್ಕರೆ ಅದಕ್ಕೆ ಕಟ್ಟಿಕೊಳ್ಳುತ್ತವೆ. ಗಡುಸು ನೀರಿನಲ್ಲಿ ಬೆರೆಸಿ ಕೊಟ್ಟ ಔಷಧಿಯಲ್ಲಿ ಒಂದು ಭಾಗ ಕೋಳಿಯ ರಕ್ತ ಸೇರದೆ ಹಿಕ್ಕೆಯಲ್ಲಿ ಹೊರಬೀಳುತ್ತದೆ. ದುಡ್ಡೂ ಹೋಯಿತು, ಮಣ್ಣಿಗೆ ಔಷಧಿಯೂ ಬಿತ್ತು. ಸುಣ್ಣಕಲ್ಲಿನ ನಾಡಿನಲ್ಲಿ ನೀರಿನ ಮೂಲಕ ಕಂಡಕಂಡಂತೆ ಆಂಟಿಬಯೋಟಿಕ್ ಕೊಡುವುದು ಬೇರೆಡೆಗಿಂತ ಹೆಚ್ಚು ವ್ಯರ್ಥ. ಪ್ರತಿ ಬ್ಯಾಚ್ ಮುಗಿದ ಮೇಲೆ ಪೈಪಿಗೆ ಆಮ್ಲ ಹಾಯಿಸಿ ಸುಣ್ಣ ಕರಗಿಸುವುದು, ತೊಳೆದು ಕ್ಲೋರಿನ್ ಬಿಡುವುದು, ಕುಡಿಯುವ ನೀರಿನ ಹುಳಿಯನ್ನು ತುಸು ಏರಿಸುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಆಮೇಲೆ ಬಿಸಿಲು. ಏಪ್ರಿಲ್, ಮೇನಲ್ಲಿ ಕಲಬುರಗಿ ಸೀಮೆಯ ಉಷ್ಣಾಂಶ 42 ಡಿಗ್ರಿ ದಾಟುತ್ತದೆ. ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ. ರಕ್ತ ಮೈಚರ್ಮದ ಕಡೆಗೆ ಹರಿದು ಕರುಳಿಗೆ ಕಡಿಮೆಯಾಗುತ್ತದೆ, ಕರುಳಿನ ಒಳಪದರ ಸಡಿಲವಾಗಿ ರೋಗಾಣುಗಳಿಗೆ ದಾರಿಯಾಗುತ್ತದೆ. ಚಾವಣಿಗೆ ಸುಣ್ಣ ಬಳಿದು ಇಲ್ಲವೇ ಹುಲ್ಲು ಹೊದಿಸಿ, ಬೇಸಿಗೆ ಬ್ಯಾಚಿನಲ್ಲಿ ಮರಿಗಳ ಸಂಖ್ಯೆ ಇಳಿಸಿದರೆ ಎಷ್ಟೋ ಕರುಳುಬೇನೆ ಹುಟ್ಟುವ ಮೊದಲೇ ನಿಲ್ಲುತ್ತದೆ. ಕೊಕ್ಕರೆ ರೋಗ, ಗಂಬೋರೊಗಳು ವೈರಸ್‌ನಿಂದ ಬರುವಂಥವು. ಅವಕ್ಕೆ ಆಂಟಿಬಯೋಟಿಕ್ ನಾಟುವುದೇ ಇಲ್ಲ, ತೈಲವೂ ನಾಟುವುದಿಲ್ಲ, ಲಸಿಕೆಯೇ ದಾರಿ. ಇಷ್ಟೂ ನಡೆದ ಶೆಡ್ಡಿನಲ್ಲಿ ಮರಿಯ ಮೊದಲ ವಾರ, ಆಹಾರ ಬದಲಿಸುವ ದಿನಗಳು, ಬಿಸಿಲಿನ ತಿಂಗಳು ಎಂಬ ಕೆಲವು ಇಕ್ಕಟ್ಟಿನ ಹೊತ್ತುಗಳು ಉಳಿಯುತ್ತವೆ. ತೈಲದ ನೆರವು ಬೇಕಾಗುವುದು ಆಗ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಣದ್ದು. ಆಹಾರದಿಂದ ಆಂಟಿಬಯೋಟಿಕ್ ತೆಗೆದರೆ ಸಣ್ಣ ಸಾಕಣೆದಾರ ಮುಳುಗುತ್ತಾನೆ ಎನ್ನುತ್ತಾರೆ. ಕಾಳಜಿಯ ಮಾತೇ, ಆದರೆ ಅಂಕಿಗಳು ಅದನ್ನು ಬೆಂಬಲಿಸುವುದಿಲ್ಲ. ಡೆನ್ಮಾರ್ಕ್ 1990ರ ದಶಕದ ಕೊನೆಗೆ ಬೆಳವಣಿಗೆಗಾಗಿ ಔಷಧಿ ಬೆರೆಸುವುದನ್ನು ಪೂರ್ತಿ ನಿಲ್ಲಿಸಿತು. ಬ್ರಾಯ್ಲರ್ ಕೋಳಿಗಳ ಸಾವಿನ ಪ್ರಮಾಣ ಏರಲಿಲ್ಲ. ಒಂದು ಕಿಲೋ ತೂಕಕ್ಕೆ ಬೇಕಾದ ಆಹಾರ 0.016 ಕಿಲೋದಷ್ಟು ಹೆಚ್ಚಿತು. 5,000 ಕೋಳಿಗಳ ಒಂದು ಶೆಡ್ಡಿಗೆ ಇದನ್ನು ಹೊಂದಿಸಿ ನೋಡೋಣ. ಕೋಳಿಯೊಂದು 2 ಕಿಲೋ ತೂಗುವಾಗ ಹೆಚ್ಚುವರಿ ತಿನ್ನುವುದು 32 ಗ್ರಾಂ, ಇಡೀ ಬ್ಯಾಚಿಗೆ 160 ಕಿಲೋ, ಅಂದರೆ 50 ಕಿಲೋದ ಮೂರು ಚೀಲದ ಮೇಲೆ ಸ್ವಲ್ಪ. ಬ್ಯಾಚಿನ ಒಟ್ಟು ಆಹಾರವೇ ಸುಮಾರು 16 ಟನ್ ಇರುವಾಗ ಇದು ಶೇಕಡಾ 1ರಷ್ಟು. ಡೆನ್ಮಾರ್ಕಿನ ಕೋಳಿ ಸಾಕಣೆಯಲ್ಲಿ ಔಷಧಿಗೆ ಹಾಕುತ್ತಿದ್ದ ದುಡ್ಡು ಉಳಿದದ್ದೇ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿತು. ಇನ್ನು ತೈಲದ ಖರ್ಚು. ಟನ್ನಿಗೆ 100 ಗ್ರಾಂ ಸಾಮಾನ್ಯವಾಗಿ ಬಳಸುವ ಪ್ರಮಾಣ. 16 ಟನ್ನಿಗೆ ಬೇಕಾದದ್ದು 1.6 ಕಿಲೋ ಎಣ್ಣೆ. ಅಷ್ಟು ಎಣ್ಣೆ 40ರಿಂದ 80 ಕಿಲೋ ಅಜವಾನದಲ್ಲಿ ಸಿಗುತ್ತದೆ. ಡೆನ್ಮಾರ್ಕಿನ ಶೆಡ್ಡುಗಳು ನಮ್ಮವಕ್ಕಿಂತ ಅಚ್ಚುಕಟ್ಟು, ಆ ಅಂಕಿ ಇಲ್ಲಿಗೆ ಹೊಂದುವುದಿಲ್ಲವೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪುತ್ತೇನೆ. ನಮ್ಮಲ್ಲಿ ಆರಂಭದ ನಷ್ಟ ಹೆಚ್ಚಿರಬಹುದು. ಆ ಹೆಚ್ಚುವರಿ ನಷ್ಟ ನಮ್ಮ ಶೆಡ್ಡುಗಳ ಕೊರತೆಯಿಂದ ಬರುವುದರಿಂದ ಕೊರತೆಯನ್ನು ತುಂಬುವುದೇ ಅದಕ್ಕೆ ಪರಿಹಾರ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಡೆನ್ಮಾರ್ಕಿನ ಯಶಸ್ಸಿನ ಹಿಂದೆ ಸಾಲಿನೊಮೈಸಿನ್‌ನಂಥ ರಕ್ತಭೇದಿ ತಡೆಯುವ ಔಷಧಿಗಳಿದ್ದವು, ಅವು ಕ್ಲಾಸ್ಟ್ರಿಡಿಯಂ ಅನ್ನೂ ಹತ್ತಿಕ್ಕುತ್ತವೆ, ಹಾಗಿದ್ದ ಮೇಲೆ ಔಷಧಿ ಬಿಟ್ಟಂತೆ ಎಲ್ಲಾಯಿತು ಎಂದು ತಿಳಿದವರು ಕೇಳುತ್ತಾರೆ. ಸಂಗತಿ ನಿಜ. ಆದರೆ ಆ ಗುಂಪಿನ ಔಷಧಿಗಳನ್ನು ಮನುಷ್ಯರ ಚಿಕಿತ್ಸೆಗೆ ಬಳಸುವುದಿಲ್ಲ. ನಮ್ಮ ಆತಂಕ ಮುಖ್ಯವಾಗಿ ಟೆಟ್ರಾಸೈಕ್ಲಿನ್, ಕೊಲಿಸ್ಟಿನ್, ಎನ್ರೋಫ್ಲಾಕ್ಸಸಿನ್‌ಗಳಂಥವುಗಳದ್ದು. ಅವೇ ಔಷಧಿಗಳು ಇಲ್ಲವೇ ಅವುಗಳ ಹತ್ತಿರದ ಬಂಧುಗಳು ನಮ್ಮ ಆಸ್ಪತ್ರೆಗಳಲ್ಲಿವೆ. ಮೊದಲು ಇವನ್ನು ಆಹಾರದಿಂದ ತೆಗೆಯುವುದು, ಆಮೇಲೆ ಉಳಿದವನ್ನು ಇಳಿಸುತ್ತ ಹೋಗುವುದು ನ್ಯಾಯವಾದ ಕ್ರಮ. ಸ್ವೀಡನ್ 1986ರಲ್ಲೇ ಬೆಳವಣಿಗೆಯ ಔಷಧಿಗಳನ್ನು ನಿಷೇಧಿಸಿದ ಮೊದಲ ದೇಶ. ಶುರುವಿಗೆ ಅಲ್ಲೂ ಕರುಳುಬೇನೆಯ ಭಯವಿತ್ತು, ವೈದ್ಯರ ಚೀಟಿಯ ಮೇಲೆ ಔಷಧಿ ಕೊಡಬೇಕಾಯಿತು. ಆಮೇಲೆ ಆಹಾರದ ಹದ, ಶೆಡ್ಡಿನ ನಿರ್ವಹಣೆಗಳಿಂದ ಅದು ಹಿಡಿತಕ್ಕೆ ಬಂತು. ಶೆಡ್ ಚೆನ್ನಾಗಿಟ್ಟವನಿಗೆ ಹೆಚ್ಚು ಕೋಳಿ ಸಾಕಲು ಅವಕಾಶ ಕೊಡುವ ಶ್ರೇಣಿ ಪದ್ಧತಿಯನ್ನು ಅಲ್ಲಿನವರು ತಂದರು. ಇಡೀ ಯುರೋಪ್ ಒಕ್ಕೂಟದಲ್ಲಿ ಈ ನಿಷೇಧ 2006ರ ಜನವರಿ 1ರಿಂದ ಜಾರಿಯಲ್ಲಿದೆ. ಕಾಯಿಲೆ ಬಿದ್ದ ಕೋಳಿಗೆ ಔಷಧಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಪಶುವೈದ್ಯರು ನೋಡಿ, ರೋಗ ಗುರುತಿಸಿ, ಬರೆದುಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನ ಕೊಟ್ಟು, ಅದು ಮೈಯಿಂದ ಇಳಿಯುವವರೆಗೆ ಮಾರಾಟ ತಡೆಯುವುದು ಚಿಕಿತ್ಸೆ. ಚೀಲದಲ್ಲಿ ಬೆರೆತು ಬರುವುದಕ್ಕೆ ಆ ಹೆಸರು ಸಲ್ಲದು.

ಮೂರನೆಯ ಆಕ್ಷೇಪ ತೈಲದ ಮೇಲೆಯೇ. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯವೇ? ಬ್ಯಾಕ್ಟೀರಿಯಾಗಳು ನಾಳೆ ಇದಕ್ಕೂ ಬಗ್ಗದಂತಾದರೆ? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಪ್ರಮಾಣ ಮೀರಿದ ಲವಂಗದೆಣ್ಣೆ, ದಾಲ್ಚಿನ್ನಿ ಎಣ್ಣೆ ಕರುಳನ್ನು ಸುಡಬಲ್ಲವು, ಘಾಟು ಹೆಚ್ಚಾದರೆ ಕೋಳಿ ಮೇವು ಬಿಡುತ್ತದೆ. ಒಂದೇ ಅಜವಾನ ಮಣ್ಣು, ತಳಿ, ಕೊಯ್ಲಿನ ಕಾಲಕ್ಕೆ ತಕ್ಕಂತೆ ಥೈಮಾಲ್ ಪ್ರಮಾಣವನ್ನು ಬದಲಿಸುತ್ತದೆ. ಆದ್ದರಿಂದ ಚೀಲದ ಮೇಲೆ 'ಹರ್ಬಲ್' ಎಂದು ಬರೆದರೆ ಸಾಲದು, ಯಾವ ವಸ್ತು ಎಷ್ಟು ಗ್ರಾಂ ಇದೆ ಎಂದು ಅಚ್ಚಾಗಿರಬೇಕು, ಪರೀಕ್ಷೆಗೆ ಒಳಪಡಬೇಕು. ಬ್ಯಾಕ್ಟೀರಿಯಾದ ಪೊರೆಯನ್ನು ಹಲವು ಕಡೆ ಒಟ್ಟಿಗೆ ಕೆಡಿಸುವುದರಿಂದ ತೈಲಕ್ಕೆ ಪೂರ್ತಿ ಬಗ್ಗದಂತಾಗುವುದು ಅವಕ್ಕೆ ಕಷ್ಟ. ಕಷ್ಟವೇ ಹೊರತು ಅಸಾಧ್ಯವಲ್ಲ. ಹಿಂದೆ ಆಂಟಿಬಯೋಟಿಕ್ ಬಳಸಿದ ಹಾಗೆಯೇ, ಶುಚಿಯ ಬದಲಿಗೆ, ವರ್ಷಪೂರ್ತಿ, ಅಳತೆಯಿಲ್ಲದೆ ತೈಲ ಸುರಿದರೆ ಆ ದಿನವೂ ಬರಬಹುದು. ತೈಲ ಔಷಧಿಯ ಸ್ಥಾನಕ್ಕೆ ಏರಬಾರದೆಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿ.

ಹಾಗಾದರೆ ಯಾರು ಏನು ಮಾಡಬೇಕು? ಇಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. ಕೊಯಮತ್ತೂರು ಕಡೆ 1990ರ ದಶಕದಲ್ಲಿ ಬೇರೂರಿ ದೇಶಕ್ಕೆಲ್ಲ ಹಬ್ಬಿದ ಗುತ್ತಿಗೆ ಸಾಕಣೆಯಲ್ಲಿ ಮರಿ, ಆಹಾರ, ಔಷಧಿ ಎಲ್ಲವೂ ಕಂಪನಿಯಿಂದ ಬರುತ್ತವೆ. ರೈತನದು ಶೆಡ್, ನೀರು, ಕರೆಂಟು, ದುಡಿಮೆ. ಚೀಲದಲ್ಲಿ ಏನು ಬೆರೆತಿದೆ ಎಂದು ಅವನಿಗೆ ತಿಳಿಯದು. ಅವನ ಕೂಲಿ ನಿಂತಿರುವುದು ಎಫ್‌ಸಿಆರ್ ಎಂಬ ಒಂದು ಅಂಕಿಯ ಮೇಲೆ, ಅಂದರೆ ಎಷ್ಟು ಆಹಾರಕ್ಕೆ ಎಷ್ಟು ತೂಕ ಬಂತೆಂಬ ಲೆಕ್ಕದ ಮೇಲೆ. ಹೀಗಿರುವಾಗ ರೈತನಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಆಹಾರದ ಚೀಲದ ಮೇಲೆ ಬೆರೆಸಿದ ಪ್ರತಿ ಔಷಧಿಯ ಹೆಸರು, ಪ್ರಮಾಣ ಕನ್ನಡದಲ್ಲಿ ಅಚ್ಚಾಗಬೇಕು. ಕೂಲಿಯ ಲೆಕ್ಕದಲ್ಲಿ ಎಫ್‌ಸಿಆರ್ ಜೊತೆಗೆ ನೀರಿನ ಪೈಪು, ನೆಲಹಾಸಿನ ಒಣತನ, ಗಾಳಿಯಾಟಗಳಿಗೂ ಅಂಕ ಸಿಗಬೇಕು, ಶೆಡ್ಡಿನ ನಿರ್ವಹಣೆಗೆ ಬೆಲೆ ಕೊಡುವ ದಾರಿಯನ್ನು ಸ್ವೀಡನ್ ತೋರಿಸಿದೆ. ಭಾರತೀಯ ಮಾನಕ ಬ್ಯೂರೋ 2007ರ ಕೋಳಿ ಆಹಾರದ ಮಾನದಂಡದಲ್ಲಿ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬಳಕೆ ಬಿಡಬೇಕೆಂದು ಶಿಫಾರಸು ಮಾಡಿತು, ಆದರೆ ಅದರ ಪಾಲನೆಯನ್ನು ತಯಾರಕರ ಇಚ್ಛೆಗೆ ಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2017ರ ನವೆಂಬರ್‌ನಲ್ಲಿ ಇದೇ ಮಾತನ್ನು ಇನ್ನೂ ಖಂಡಿತವಾಗಿ ಹೇಳಿತು. ಕೊಲಿಸ್ಟಿನ್‌ಗೆ ಹಾಕಿದಂಥ ತಡೆ ಮನುಷ್ಯರ ಚಿಕಿತ್ಸೆಗೆ ಬೇಕಾದ ಎಲ್ಲ ಔಷಧಿಗಳಿಗೂ ಕಾನೂನಾಗಿ ಬರಬೇಕು, ಫೀಡ್ ಗಿರಣಿಯಲ್ಲೇ ತಪಾಸಣೆ ನಡೆಯಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಪಕ್ಕದ ಬೀದರಿನಲ್ಲೇ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯೂ, ಸುಗಂಧ ಗಿಡಗಳ ಕೇಂದ್ರ ಸಂಸ್ಥೆಯಾದ ಸೀಮ್ಯಾಪ್‌ನ ಶಾಖೆಯೂ ಇವೆ. ಗಡುಸು ನೀರು, ಸುಡುಬಿಸಿಲು ಎರಡೂ ಇರುವ ನಮ್ಮ ಶೆಡ್ಡುಗಳಲ್ಲೇ, ತೈಲ ಕೊಟ್ಟ ಮತ್ತು ಕೊಡದ ಬ್ಯಾಚುಗಳನ್ನು ಅಕ್ಕಪಕ್ಕ ಇಟ್ಟು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಪರೀಕ್ಷೆ ಮಾಡಿಸುವಂತೆ ಈ ಭಾಗದ ರೈತ ಸಂಘಗಳು ಕೇಳಬೇಕು. ಪರದೇಶದ ಸ್ವಚ್ಛ ಶೆಡ್ಡಿನ ಫಲಿತಾಂಶವನ್ನೋ ಮಾರಾಟಗಾರನ ಕರಪತ್ರವನ್ನೋ ನೆಚ್ಚಿಕೊಂಡು ಕೂರಬೇಕಾಗಿಲ್ಲ. ಅಜವಾನ ಕಡಿಮೆ ನೀರು ಬೇಡುವ, ಎರೆಭೂಮಿಗೆ ಒಗ್ಗುವ ಬೆಳೆ, ನೆರೆಯ ಕರ್ನೂಲು ಕಡೆ ಅದಕ್ಕೆ ಮಾರುಕಟ್ಟೆಯೂ ಇದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಭಾರತದ ಅಜವಾನವನ್ನು ಕೊಂಡೊಯ್ದು ಜರ್ಮನಿಯವರು ಥೈಮಾಲ್ ತೆಗೆಯುತ್ತಿದ್ದರು. ಪರೀಕ್ಷೆಯಲ್ಲಿ ಪ್ರಯೋಜನ ಸಾಬೀತಾದರೆ, ತೊಗರಿಯೊಂದನ್ನೇ ನಂಬಿ ಬೆಲೆ ಬಿದ್ದಾಗ ಕಂಗೆಡುವ ರೈತನಿಗೆ ಹಿಂಗಾರಿಯ ಇನ್ನೊಂದು ಆಸರೆ ಸಿಕ್ಕೀತು.

ಆದರೆ ಆ ಪರೀಕ್ಷೆಯ ಫಲಿತಾಂಶ ಬರಲೆಂದು ಆಂಟಿಬಯೋಟಿಕ್ ನಿಲ್ಲಿಸುವುದನ್ನು ಮುಂದೂಡಬಾರದು. ಪರ್ಯಾಯ ಸಿಕ್ಕ ಮೇಲೆ ಬಿಡೋಣ ಎಂಬ ಮಾತು ಕೇಳಲು ವಿವೇಕದಂತಿದ್ದರೂ ಅದರೊಳಗೆ ತಪ್ಪು ಎಣಿಕೆಯೊಂದಿದೆ, ಒಂದು ಪುಡಿಯನ್ನು ಇನ್ನೊಂದು ಪುಡಿಯಿಂದಲೇ ತುಂಬಬೇಕೆಂಬ ಎಣಿಕೆ. ಪರ್ಯಾಯ ಆಗಲೇ ನಮ್ಮ ಕೈಯಲ್ಲಿದೆ: ಶುದ್ಧ ನೀರು, ಒಣ ನೆಲ, ಗಾಳಿ, ಲಸಿಕೆ, ಇಕ್ಕಟ್ಟಿಲ್ಲದ ಜಾಗ. ತೈಲ ಇವುಗಳ ಜೊತೆಗೆ ಬರಲಿ. ಆಂಟಿಬಯೋಟಿಕ್ ಮನುಷ್ಯಕುಲ ಬಹಳ ತಡವಾಗಿ, ಬಹಳ ಕಷ್ಟದಿಂದ ಗಳಿಸಿದ ಸಂಪತ್ತು. ಕೂಸಿನ ನ್ಯುಮೋನಿಯಾಕ್ಕೆ, ಬಾಣಂತಿಯ ನಂಜಿಗೆ, ಗಣಿಯಲ್ಲಿ ಗಾಯಗೊಂಡವನಿಗೆ ಅದು ಉಳಿದಿರಬೇಕು. ಕೋಳಿಯೊಂದಕ್ಕೆ 32 ಗ್ರಾಂ ಆಹಾರ ಉಳಿಸುವುದಕ್ಕೆ ಅದನ್ನು ಖರ್ಚು ಮಾಡುವ ಹಕ್ಕು ನಮಗೆ ಯಾರಿಗೂ ಇಲ್ಲ.